ಟಿಕೆಟ್ಟು ಕೊಳ್ಳದೆ ನೋಡಿದ ರೋಮ್

ಗುಬ್ಬಿ

ಅವತ್ತು ಭಾನುವಾರ. ಅಕ್ಕ ಮತ್ತು ನಾನು ಬಸ್ಸಿನಲ್ಲಿ ತುಮಕೂರಿಗೆ ಹೋಗಿ ಇಬ್ಬರಿಗೂ ಒಂದೇ ಥರದ ಶೂ ತಂದೆವು. ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ, ಸರ್ವಮಂಗಳಮ್ಮ. ಹೈಸ್ಕೂಲಿನಲ್ಲಿ ಸಮಾಜದ ಪಾಠ ಮಾಡುತ್ತಿದ್ದು ನಿವೃತ್ತರಾದವರು. ಭಾವನವರು ಹೋಗಿ ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ನಮ್ಮ ಜೊತೆಯೇ ಇದ್ದರು. ನಾನು ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವಳು. ಮನೆಯ ಮುಂದಿನ ರೂಮಿನಲ್ಲಿ ಬ್ಲೌಸ್ ಹೊಲಿಯುತ್ತೇನೆ.

ಅಂಗಡಿಯವನು ಶೂ ಯಾರಿಗೆ, ಮಕ್ಕಳಿಗಾ ಎಂದು ಕೇಳಿದ. ಅಕ್ಕ ಸ್ಟೂಲಿನ ಮೇಲೆ ಕೂತು ಸೀರೆಯ ನೆರಿಗೆ ಸ್ವಲ್ಪ ಎತ್ತಿ ಕಾಲು ಮುಂದೆ ಚಾಚಿದರು. "ನಮ್ಗೇ ಕಣಪ್ಪ. ರೋಮಿಗೆ ಹೋಗ್ತಿದೀವಿ, ನಡೀಬೇಕು" ಎಂದರು. ಅವನು ತಮಾಷೆ ಅಂದುಕೊಂಡು ನಕ್ಕ. ಅಕ್ಕನೂ ನಕ್ಕರು.

ಸಂಜೆ ಅದೇ ಶೂ ಹಾಕಿಕೊಂಡು ಕೆರೆ ಏರಿಯ ಮೇಲೆ ನಡೆದೆವು. ಸೀರೆಯ ಕೆಳಗೆ ಬಿಳಿ ಶೂ ಕಂಡವರೆಲ್ಲ ತಿರುಗಿ ನೋಡುತ್ತಿದ್ದರು. ಗೊತ್ತಿದ್ದವರು ತಡೆದು ಕೇಳುತ್ತಿದ್ದರು, ಅಕ್ಕ ನಿಂತು ಎಲ್ಲರಿಗೂ ಹೇಳುತ್ತಿದ್ದರು. ಟೂರಿನವರ ಜೊತೆ ಅಲ್ಲ, ನಾವಿಬ್ಬರೇ, ಒಂದು ಟಿಕೆಟ್ಟೂ ಕೊಳ್ಳದೆ ಊರೆಲ್ಲ ನೋಡಿ ಬರುತ್ತೇವೆ ಎಂದು. ಪಿಂಚಣಿ ಕಚೇರಿಯ ಹತ್ತಿರ ಸಿಕ್ಕಿದ ಒಬ್ಬ ಮೇಷ್ಟ್ರು, ಒಳಗೆ ಹೋಗದೆ ಏನು ನೋಡುತ್ತೀರಿ ಮೇಡಂ, ಬರೀ ಗೋಡೆ ನೋಡಿ ಬರುತ್ತೀರಾ ಎಂದು ಹಿಂದೊಮ್ಮೆ ಅಣಕಿಸಿದ್ದರು. ಅದು ಅಕ್ಕನಿಗೆ ಚುಚ್ಚಿತ್ತು. ಏರಿಯ ಮೇಲೆ ಅದನ್ನೇ ನೆನೆಸಿಕೊಂಡು ಹೇಳಿದರು: "ಊರು ನೋಡಕ್ಕೆ ಟಿಕೆಟ್ ಯಾಕೆ ಗಂಗಾ? ಗುಬ್ಬಿಗೆ ಬಂದೋರ್ನ ನಾವು ಟಿಕೆಟ್ ಕೇಳ್ತೀವಾ? ರಸ್ತೆ ಅವ್ರದ್ದು, ಕಾಲು ನಮ್ದು."

ರಾತ್ರಿ ಉಪ್ಪಿಟ್ಟು ತಿಂದೆವು. ಕಾಫಿಪುಡಿ ಮುಗಿದಿದೆ, ನಾಳೆ ತರಬೇಕು ಎಂದು ಹೇಳಿ ಅಕ್ಕ ಮಲಗಲು ಹೋದರು. ಬೆಳಿಗ್ಗೆ ಏಳಲಿಲ್ಲ. ಹಾರ್ಟು ಎಂದರು ಡಾಕ್ಟರು.

ಹಾಗಲವಾಡಿಯ ತೋಟದಲ್ಲಿ ಭಾವನವರ ಪಕ್ಕದಲ್ಲಿ ಮಣ್ಣು ಮಾಡಿದೆವು. ಬಂದವರೆಲ್ಲ ನಮ್ಮ ಯಜಮಾನರ ಕೈ ಹಿಡಿದು ಮಾತಾಡಿಸಿದರು, ಅಕ್ಕನ ತಮ್ಮನ ಕೈ ಹಿಡಿದು ಮಾತಾಡಿಸಿದರು. ನನಗೆ, ಊಟಕ್ಕೆ ಎಲೆ ಹಾಕಿಸಮ್ಮ ಎಂದರು. ಓರಗಿತ್ತಿ ಹೋದರೆ ಅಳುವುದಕ್ಕೆ ನಮ್ಮ ಕಡೆ ಜಾಗ ಇಟ್ಟಿಲ್ಲ. ಓರಗಿತ್ತಿಯರೆಂದರೆ ಜಗಳವಾಡುವವರು ಎಂದೇ ಎಲ್ಲರ ಲೆಕ್ಕ.

ಕಾರ್ಯ ಮುಗಿದ ಮೇಲೆ ಯಜಮಾನರು ರೋಮಿನ ವಿಷಯ ಎತ್ತಿದರು. ವೀಸಾ ಇಬ್ಬರಿಗೂ ಆಗಿತ್ತು. ಇನ್ನೊಂದು ಸಲ ಹೋಗೋಣ, ಇಲ್ಲದಿದ್ದರೆ ತುಮಕೂರಿನ ಟೂರಿನವರ ಜೊತೆ ಸೇರಿಸುತ್ತೇನೆ ಎಂದರು. ನಾನು ಹೋಗುತ್ತೇನೆ, ಅಕ್ಕ ಹೇಳಿದ ಹಾಗೇ ಹೋಗುತ್ತೇನೆ ಎಂದೆ. ಕುಣಿಗಲ್ಲಿಗೆ ಕೊಟ್ಟಿರುವ ನಮ್ಮ ನಾದಿನಿ ಇನ್ನೂ ಮನೆಯಲ್ಲೇ ಇದ್ದರು.

"ಏನ್ ಗಂಗಾ, ತಿಂಗ್ಳು ತುಂಬಿಲ್ಲ, ಆಗ್ಲೇ ದೇಶ ಸುತ್ತಕ್ಕೆ ಹೊಂಟೆಯಾ? ಸೂತಕ ಅನ್ನೋದೊಂದಿಲ್ವಾ?"

"ನಮ್ಮಲ್ಲಿ ಸೂತಕ ಇಲ್ಲ ಅಂತ ನಿಮ್ಮ ಮಗನ ಮದ್ವೇಲಿ ನೀವೇ ಹೇಳಿದ್ರಲ್ಲ ಅತ್ತಿಗೆ. ನಿಮ್ಮ ಮಾವ ಹೋಗಿ ಎಷ್ಟು ದಿನ ಆಗಿತ್ತು ಆಗ?"

ನಾನು ಆ ಮನೆಯಲ್ಲಿ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಮಾತಾಡುವ ಕೆಲಸ ಯಾವಾಗಲೂ ಅಕ್ಕನದಾಗಿತ್ತು.

ವಿಮಾನ

ಬೆಂಗಳೂರಿನಲ್ಲಿ ತೊಂದರೆಯಾಗಲಿಲ್ಲ. ಮಧ್ಯದಲ್ಲಿ ವಿಮಾನ ಬದಲಾಯಿಸುವ ಊರಿನಲ್ಲಿ, ತಪಾಸಣೆಯ ಬಾಗಿಲು ಕೂಗಿಕೊಂಡಿತು. ನನ್ನ ಕತ್ತಿನಲ್ಲಿದ್ದ ಬೆಳ್ಳಿ ಕರಡಿಗೆ. ಅದರೊಳಗೆ ಲಿಂಗ ಇರುತ್ತದೆ, ಮದುವೆಗೂ ಮುಂಚೆಯಿಂದ ಮೈಮೇಲೆ ಇರುವುದು, ಮೈಯಿಂದ ಬೇರೆ ಮಾಡುವುದಿಲ್ಲ. ಅದನ್ನು ಪ್ಲಾಸ್ಟಿಕ್ ತಟ್ಟೆಗೆ ಹಾಕಿ, ಚಪ್ಪಲಿ ಬೆಲ್ಟುಗಳ ಹಿಂದೆ ಹೋಗಲಿ ಎಂದು ಅಲ್ಲಿಯ ಹೆಂಗಸು ಸನ್ನೆ ಮಾಡಿದಳು. ಆಗುವುದಿಲ್ಲ ಎಂದೆ. ಅವಳು ಮತ್ತೆ ತಟ್ಟೆ ತೋರಿಸಿದಳು. ನಾನು ಮತ್ತೆ ಆಗುವುದಿಲ್ಲ ಎಂದೆ, ಕನ್ನಡದಲ್ಲೇ. ಹಿಂದಿನ ಸಾಲು ಬೆಳೆಯಿತು. ಆಮೇಲೆ ನನ್ನನ್ನು ಪಕ್ಕದ ಪರದೆಯೊಳಗೆ ಕರೆದುಕೊಂಡು ಹೋದಳು. ಅಲ್ಲಿ ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಯ ಮೇಲಿಟ್ಟು ತೋರಿಸಿದೆ. ಅವಳು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ನೋಡಿ ತಾನೂ ತನ್ನ ಕತ್ತಿನ ಸರದಲ್ಲಿದ್ದ ಏನನ್ನೋ ಬಟ್ಟೆಯ ಮೇಲಿಂದಲೇ ಮುಟ್ಟಿಕೊಂಡಳು, ಹೋಗು ಎಂದು ಕೈಬೀಸಿದಳು.

ಪಕ್ಕದ ಸೀಟನ್ನು ಬೇರೆ ಯಾರಿಗೋ ಕೊಟ್ಟಿದ್ದರು. ದಪ್ಪ ಮನುಷ್ಯ, ಕೂತ ತಕ್ಷಣ ನಿದ್ದೆ ಹೋದ. ಅದೇ ಒಳ್ಳೆಯದಾಯಿತು.

ನಲ್ಲಿ

ರೋಮಿನಲ್ಲಿ ಅಕ್ಕ ಗೊತ್ತು ಮಾಡಿದ್ದು ಹೋಟೆಲಲ್ಲ, ಕ್ರೈಸ್ತ ಸನ್ಯಾಸಿನಿಯರ ಮಠ. ಅವರು ಕೆಲವು ರೂಮುಗಳನ್ನು ಪ್ರವಾಸಿಗರಿಗೆ ಅಗ್ಗಕ್ಕೆ ಕೊಡುತ್ತಾರೆ. ಒಂದು ಮಂಚ, ಒಂದು ಮೇಜು, ಗೋಡೆಗೆ ಒಂದು ಶಿಲುಬೆ. ರಾತ್ರಿ ಹತ್ತಕ್ಕೆ ಗೇಟು ಹಾಕುತ್ತಾರೆ. ನಮ್ಮಂಥವರಿಗೆ ಇದಕ್ಕಿಂತ ಏನು ಬೇಕು ಎಂದು ಅಕ್ಕ ಗುಬ್ಬಿಯಲ್ಲಿ ಕೂತು ಫೋನಿನಲ್ಲೇ ಎಲ್ಲ ಮುಗಿಸಿದ್ದರು.

ಗೇಟಿನ ಹತ್ತಿರ ಕೂರುವ ಸಿಸ್ಟರ್ ಲೀನಾ ಕೇರಳದವರು. ಹಾಸನದ ಕಡೆ ಒಂದು ಹಾಸ್ಟೆಲಿನಲ್ಲಿ ನಾಲ್ಕಾರು ವರ್ಷ ಇದ್ದರಂತೆ, ಮುರುಕು ಕನ್ನಡ ಬರುತ್ತದೆ. ನನಗಿಂತ ಚಿಕ್ಕವರು. ಇಬ್ಬರ ಹೆಸರಿತ್ತು, ಇನ್ನೊಬ್ಬರು ಎಲ್ಲಿ ಎಂದು ಕೇಳಿದರು. ಹೇಳಿದೆ. ಅವರು ತಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, "ಚೇಚಿ, ಒಳಗೆ ಬನ್ನಿ" ಎಂದರು. ಚೇಚಿ ಎಂದರೇನು ಎಂದು ಕೇಳಿದೆ. ಅಕ್ಕ ಎಂದರು.

"ನನ್ನ ಹಂಗೆ ಕರೀಬೇಡಿ ಸಿಸ್ಟರ್. ನಾನು ತಂಗಿ. ಅಕ್ಕ ಬೇರೆ ಇದ್ರು."

ಅವರು ಏನೂ ಅಂದುಕೊಳ್ಳಲಿಲ್ಲ. ಆಮೇಲೆ ಗಂಗಾ ಎಂದೇ ಕರೆದರು.

ಮಾರನೆ ದಿನ ಬೀದಿಗೆ ಇಳಿದರೆ ಮೊದಲು ಕಂಡದ್ದು ನಲ್ಲಿ. ಮೊಳಕಾಲಿಗಿಂತ ಎತ್ತರದ ಕಬ್ಬಿಣದ ಕಂಬ, ಬಾಗಿದ ಕೊಳವೆ, ಅದರಿಂದ ನೀರು ಸುಮ್ಮನೆ ಸುರಿಯುತ್ತಿದೆ. ಕುಡಿಯುವವರಿಲ್ಲ, ಹಿಡಿಯುವವರಿಲ್ಲ. ಗುಬ್ಬಿಯಲ್ಲಿ ದಿನ ಬಿಟ್ಟು ದಿನ ನೀರು ಬಿಡುತ್ತಾರೆ, ಅವತ್ತು ಬೆಳಿಗ್ಗೆ ನಾನು ಹೊಲಿಗೆ ಮೆಷೀನಿಗೆ ಕೂರುವುದಿಲ್ಲ. ಯಾರೋ ನಿಲ್ಲಿಸುವುದನ್ನು ಮರೆತಿದ್ದಾರೆ ಎಂದುಕೊಂಡು ತಿರುಪು ಹುಡುಕಿದೆ. ಸುತ್ತ ಕೈಯಾಡಿಸಿದೆ, ಎಲ್ಲೂ ಇಲ್ಲ. ಹಾಗೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಅಂಗೈಯಿಂದ ಕೊಳವೆಯ ಬಾಯಿ ಒತ್ತಿ ಹಿಡಿದೆ.

ಆ ಕೊಳವೆಯ ನೆತ್ತಿಯ ಮೇಲೆ ಒಂದು ಸಣ್ಣ ತೂತು ಇದೆ. ಕೆಳಗೆ ಮುಚ್ಚಿದರೆ ನೀರು ಅಲ್ಲಿಂದ ಮೇಲಕ್ಕೆ ಚಿಮ್ಮುತ್ತದೆ. ಬಾಟಲಿ ಇಲ್ಲದವರು ಹಾಗೆ ಬಾಯಿಟ್ಟು ಕುಡಿಯಲೆಂದು ಮಾಡಿದ್ದು. ನನಗೇನು ಗೊತ್ತು? ಎದುರು ನಿಂತು ಪೇಪರ್ ಓದುತ್ತಿದ್ದ ಸೂಟಿನ ಮುದುಕನ ಮುಖಕ್ಕೆ ನೀರು ಹೊಡೆಯಿತು. ನಾನು ಕೈ ತೆಗೆದು ಮುಗಿದೆ. ಅವನು ಪೇಪರ್ ಕೊಡವಿ, ನನ್ನ ಸೀರೆಯ ಸೆರಗೂ ನೆನೆದದ್ದು ನೋಡಿ, ತಾನೇ ಹತ್ತಿರ ಬಂದು ಬೆರಳಿನಿಂದ ಹೇಗೆ ಮುಚ್ಚಬೇಕೆಂದು ತೋರಿಸಿ, ಬಗ್ಗಿ ಕುಡಿದು, ಬಾಯಿ ಒರೆಸಿಕೊಂಡು ಹೋದ.

ಆ ನೀರು ಹಗಲೂ ಇರುಳೂ ಹರಿಯುತ್ತದಂತೆ, ಹರಿಯುತ್ತಿದ್ದರೇ ತಣ್ಣಗೆ ಚೊಕ್ಕಟವಾಗಿ ಇರುತ್ತದಂತೆ. ಸಿಸ್ಟರ್ ಹೇಳಿದರು. ಅಷ್ಟು ಸಿಹಿನೀರು ನಾನು ಎಲ್ಲೂ ಕುಡಿದಿಲ್ಲ. ಬೆಳಿಗ್ಗೆ ಪೂಜೆಗೂ ಅದನ್ನೇ ತಂದು ಇಟ್ಟುಕೊಳ್ಳುತ್ತಿದ್ದೆ. ನೀವು ಹೋಗುವುದಾದರೆ ಅಲ್ಲಿ ನೀರು ಕೊಳ್ಳಬೇಡಿ. ಬಾಟಲಿ ಮಾರುವವರ ಪಕ್ಕದಲ್ಲೇ ನಲ್ಲಿ ಇರುತ್ತದೆ.

ಮೆಟ್ಟಿಲು

ಟಿಕೆಟ್ಟಿಲ್ಲದೆ ಏನು ನೋಡುತ್ತೀರಿ ಎಂದು ಕೇಳಿದ ಮೇಷ್ಟ್ರಿಗೆ ಹೇಳುತ್ತೇನೆ. ಅಲ್ಲಿ ಬಹುಪಾಲು ಚರ್ಚುಗಳ ಬಾಗಿಲು ತೆರೆದೇ ಇರುತ್ತದೆ. ಹೊರಗೆ ನಮ್ಮ ಹಳೇ ತಾಲ್ಲೂಕು ಕಚೇರಿಯ ಹಾಗೆ ಮಾಸಿದ ಗೋಡೆ, ಒಳಗೆ ಕಾಲಿಟ್ಟರೆ ಸೂರಿಗೆಲ್ಲ ಚಿನ್ನ. ತೊಡೆ ಕಾಣುವ ಚಡ್ಡಿಯವರನ್ನು, ತೋಳಿಲ್ಲದ ಅಂಗಿಯವರನ್ನು ಕೆಲವು ಕಡೆ ಬಾಗಿಲಲ್ಲೇ ತಡೆಯುತ್ತಾರೆ. ಸೀರೆ ಕಂಡರೆ ದಾರಿ ಬಿಡುತ್ತಾರೆ.

ಮೊದಲ ಚರ್ಚಿನಲ್ಲಿ ನಾನು ಯೋಚಿಸದೆ ಶೂ ಬಿಚ್ಚಿ ಬಾಗಿಲ ಪಕ್ಕದಲ್ಲಿಟ್ಟು ಒಳಗೆ ಹೋದೆ. ಎಲ್ಲರೂ ಶೂ ಹಾಕಿಕೊಂಡೇ ಓಡಾಡುತ್ತಿದ್ದರು, ಆದರೂ ವಾಪಸ್ ಬಂದು ಹಾಕಿಕೊಳ್ಳಲು ಕಾಲು ಬರಲಿಲ್ಲ. ಹೊರಗೆ ಬಂದು ನೋಡಿದರೆ ನನ್ನ ಶೂಗಳ ಪಕ್ಕದಲ್ಲಿ ಸಾಲಾಗಿ ಇನ್ನೂ ಮೂರು ಜೊತೆ. ನನ್ನದು ಕಂಡು, ಇಲ್ಲಿಯ ಪದ್ಧತಿ ಇದೇ ಇರಬೇಕೆಂದು ಯಾರೋ ಪ್ರವಾಸಿಗರು ಬಿಚ್ಚಿಟ್ಟಿದ್ದರು. ಬಾಗಿಲಲ್ಲಿ ಬೇಡುತ್ತಾ ಕೂತಿದ್ದ ಮುದುಕಿ ಅವನ್ನೆಲ್ಲ ಕಾಯುತ್ತಿದ್ದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಇನ್ನೊಂದು ಚರ್ಚು ನೂರಾರು ಮೆಟ್ಟಿಲುಗಳ ಮೇಲಿದೆ. ಅದನ್ನು ನೋಡಿಕೊಂಡು ಇಳಿಯುತ್ತಾ ನಡುವೆ ಕೂತೆ. ದೇವರ ಮನೆಯಿಂದ ಬಂದವರು ಒಂದು ಗಳಿಗೆ ಕೂತು ಏಳಬೇಕಲ್ಲ. ಕೂತಿದ್ದೇ ತಡ ಪೀಪಿ ಊದಿದ ಸದ್ದು. ಪೊಲೀಸಿನವಳು ಏಳು ಏಳು ಎಂದು ಕೈ ಮಾಡುತ್ತಿದ್ದಳು. ಆ ಮೆಟ್ಟಿಲುಗಳ ಮೇಲೆ ಯಾರೂ ಕೂರುವ ಹಾಗಿಲ್ಲವಂತೆ, ಕೂತರೆ ದಂಡ. ಎದ್ದೆ. ನಾಲ್ಕು ಮೆಟ್ಟಿಲು ಇಳಿದು ಮತ್ತೆ ಕೂತೆ. ಮತ್ತೆ ಪೀಪಿ. ಮತ್ತೆ ಎದ್ದು ಮತ್ತೆ ಕೂತೆ. ಮೂರನೆಯ ಸಲ ಅವಳು ಪೀಪಿ ಬಾಯಿಗಿಟ್ಟುಕೊಂಡು ಊದದೆ ನನ್ನನ್ನೇ ನೋಡಿದಳು. ನಾನು ಕಣ್ಣು ಮುಚ್ಚಿ ಕೈ ಮುಗಿದು, ಆದ ಮೇಲೆ ಎದ್ದು ಅವಳ ಮುಂದೆಯೇ ಇಳಿದು ಹೋದೆ. ದಂಡ ಹಾಕಲಿಲ್ಲ. ಹಾಕಿದ್ದರೆ ಕಟ್ಟುತ್ತಿರಲಿಲ್ಲ ಎಂದು ಈಗ ಹೇಳುತ್ತಿದ್ದೇನೆ, ಆಗ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಕೆಲವು ಚರ್ಚುಗಳಲ್ಲಿ ದೊಡ್ಡ ಚಿತ್ರಗಳಿರುವ ಮೂಲೆ ಕತ್ತಲಾಗಿರುತ್ತದೆ. ಪಕ್ಕದ ಡಬ್ಬಿಗೆ ಕಾಸು ಹಾಕಿದರೆ ಒಂದು ನಿಮಿಷ ದೀಪ ಹತ್ತಿ, ಪಟ್ಟನೆ ಆರುತ್ತದೆ. ನಾನು ಕಾಸು ಹಾಕದೆ ಬೆಂಚಿನ ಮೇಲೆ ಕಾದು ಕೂರುತ್ತಿದ್ದೆ. ಯಾರಾದರೂ ಬಂದು ಹಾಕುತ್ತಿದ್ದರು, ದೀಪ ಹತ್ತುತ್ತಿತ್ತು, ನೋಡುತ್ತಿದ್ದೆ. ಅವರು ಹೋಗುತ್ತಿದ್ದರು. ಒಂದು ಚಿತ್ರದಲ್ಲಿ ಒಬ್ಬ ವಯಸ್ಸಾದ ಹೆಂಗಸು, ಒಬ್ಬ ಚಿಕ್ಕವಳು, ಮನೆಯ ಬಾಗಿಲಲ್ಲಿ ಒಬ್ಬರ ತೋಳನ್ನು ಒಬ್ಬರು ಹಿಡಿದುಕೊಂಡಿದ್ದರು. ಅದರ ಮುಂದೆ ತುಂಬಾ ಹೊತ್ತು ಕೂತೆ. ಊರಿನಲ್ಲಿ ಅಷ್ಟು ಜನರ ಮಧ್ಯೆ ಬಾರದ ಅಳು ಅಲ್ಲಿ ಬಂತು. ದೀಪ ಆರಿದಾಗ ಅಳುತ್ತಿದ್ದೆ, ಯಾರಾದರೂ ಕಾಸು ಹಾಕಿದರೆ ನಿಲ್ಲಿಸುತ್ತಿದ್ದೆ.

ಪಂಕ್ತಿ

ರೂಮಿನ ಜೊತೆ ಬೆಳಗಿನ ತಿಂಡಿ ಕೊಡುತ್ತಿದ್ದರು. ಮಧ್ಯಾಹ್ನಕ್ಕೆ ನಾನು ತಂದಿದ್ದ ಒಣರೊಟ್ಟಿ, ಚಟ್ನಿಪುಡಿ. ಮೂರನೆಯ ದಿನ ಬಿಸಿ ಊಟ ಬೇಕೆನಿಸಿತು. ತಿರುಗಾಡಿಕೊಂಡು ಮಠಕ್ಕೆ ಬರುವಾಗ ಹಿಂಬದಿಯ ಬಾಗಿಲಲ್ಲಿ ಜನ ಒಳಗೆ ಹೋಗುತ್ತಿದ್ದರು. ಟೊಮೇಟೊ ಬೇಯುವ ವಾಸನೆ ಬೀದಿಯವರೆಗೂ ಬಂದಿತ್ತು. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮಠ ಎಂದ ಮೇಲೆ ಮಧ್ಯಾಹ್ನ ದಾಸೋಹ ಇದ್ದೇ ಇರುತ್ತದೆ. ತುಮಕೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರಿನಲ್ಲಿ ಬಂದವರೂ ಕಾಲ್ನಡಿಗೆಯಲ್ಲಿ ಬಂದವರೂ ಒಂದೇ ಸಾಲಿನಲ್ಲಿ ಕೂರುತ್ತೇವೆ, ನೀನು ಯಾರು ಎಂದು ಯಾರೂ ಕೇಳುವುದಿಲ್ಲ.

ಸಾಲಿಗೆ ಸೇರಿದೆ. ಬಾಗಿಲಲ್ಲಿದ್ದವರು ಕೈಗೊಂದು ಚಮಚ ಕೊಟ್ಟರು. ಉದ್ದನೆಯ ಮೇಜಿನಲ್ಲಿ ಕೂತೆ. ಬಡಿಸುವವನಿಗೆ ಮಾಂಸ ಬೇಡ ಎಂದು ಕೈಯಾಡಿಸಿದೆ, ಅವನು ಕಾಳು ತೋರಿಸಿ ತಲೆಯಾಡಿಸಿದ. ಟೊಮೇಟೊ ಹಾಕಿ ಬೇಯಿಸಿದ ಶಾವಿಗೆಯಂಥದು, ಹುರುಳಿ ಬಣ್ಣದ ಕಾಳು, ಬ್ರೆಡ್ಡು. ಪಕ್ಕದಲ್ಲಿ ಮೂರು ಕೋಟು ಒಂದರ ಮೇಲೊಂದು ಹಾಕಿಕೊಂಡ ಗಡ್ಡದವನು. ಎದುರಿಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ತಿನ್ನುತ್ತಿದ್ದ ಹೆಂಗಸು. ಚಟ್ನಿಪುಡಿ ಪೊಟ್ಟಣ ತೆಗೆದು ಉದುರಿಸಿಕೊಂಡೆ. ಗಡ್ಡದವನು ತಟ್ಟೆ ಮುಂದೆ ಒಡ್ಡಿದ, ಅವನಿಗೂ ಹಾಕಿದೆ. ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಮತ್ತೆ ಒಡ್ಡಿದ.

ಆಗ ಅಡುಗೆಮನೆಯಿಂದ ಸಿಸ್ಟರ್ ಲೀನಾ ಬಂದರು. ನನ್ನನ್ನು ಕಂಡು ಪಾತ್ರೆ ಹಿಡಿದುಕೊಂಡೇ ನಿಂತುಬಿಟ್ಟರು. ಹತ್ತಿರ ಬಂದು ಬಗ್ಗಿ, ಮೆಲ್ಲಗೆ ಹೇಳಿದರು. "ಗಂಗಾ, ಇದು ಮನೆ ಇಲ್ಲದವರಿಗೆ. ಬಡವರಿಗೆ ಕೊಡೋದು. ನಿಮಗೆ ಅಲ್ಲ."

ತಟ್ಟೆ ಬಿಟ್ಟು ಏಳಬಹುದಿತ್ತು. ಆದರೆ ಎದ್ದರೆ, ಪಕ್ಕದಲ್ಲಿ ಕೂತು ಉಣ್ಣುತ್ತಿದ್ದವರಿಗೆ ಏನು ಹೇಳಿದ ಹಾಗಾಗುತ್ತಿತ್ತು?

"ನಮ್ಮೂರ ಮಠದಲ್ಲಿ ಉಣ್ಣೋರ್ನ ಬಡವ್ರು ಅನ್ನಲ್ಲ ಸಿಸ್ಟರ್. ಹಸ್ದೋರು ಅಂತೀವಿ. ನಂಗೂ ಹಸಿವಾಗಿತ್ತು."

ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ತಟ್ಟೆಯನ್ನೂ ಆಚೆ ಈಚೆಯವರ ತಟ್ಟೆಯನ್ನೂ ಎತ್ತಿಕೊಂಡು ಒಳಗೆ ಹೋದೆ. ಮಠದಲ್ಲಿ ಉಂಡವರು ಏನಾದರೂ ಕೆಲಸಕ್ಕೆ ಕೈ ಹಾಕಿಯೇ ಹೋಗುವುದು. ಅಡುಗೆಮನೆ ನೋಡಿಕೊಳ್ಳುವ ಎತ್ತರದ ಮನುಷ್ಯ ಅಡ್ಡ ನಿಂತು ಏನೋ ಹೇಳಿದ. ಸಿಸ್ಟರ್ ಅವನೊಂದಿಗೆ ಅವರ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ಅಷ್ಟರಲ್ಲಿ ನಾನು ತಟ್ಟೆ ತೊಳೆಯಲು ಶುರು ಮಾಡಿದ್ದೆ.

ಪಾತ್ರೆಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಹೊರಗೆ ಸಾಲು ಮುಗಿದಿತ್ತು. ಅಲ್ಲಿ ಒಬ್ಬರಿಗೆ ಒಂದು ಸಲ ಬಡಿಸಿದರೆ ಮುಗಿಯಿತು, ಎರಡನೆಯ ಸಲ ಕೇಳುವ ಪದ್ಧತಿ ಇಲ್ಲ. ನಾನು ಸೌಟು ಎತ್ತಿಕೊಂಡು ಮೇಜಿನ ಉದ್ದಕ್ಕೂ ಹೋದೆ. ಎತ್ತರದ ಮನುಷ್ಯ ನೋಡುತ್ತಾ ನಿಂತ, ತಡೆಯಲಿಲ್ಲ. ಮೊದಲು ಯಾರೂ ನಂಬಲಿಲ್ಲ, ಆಮೇಲೆ ತಟ್ಟೆಗಳು ಮುಂದೆ ಬಂದವು. ಸಾಕಾದವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಅದು ನಮ್ಮ ಹಾಗೆಯೇ. ಅಡ್ಡ ಹಿಡಿದ ಕೈಯ ಸಂದಿಯಲ್ಲಿ ಇನ್ನೊಂದು ಸೌಟು ಹಾಕುವುದು ಅವರಿಗೆ ಗೊತ್ತಿರಲಿಲ್ಲ. ಅದನ್ನೂ ಮಾಡಿದೆ.

ಫೋನು

ಇದನ್ನೆಲ್ಲ ಅವತ್ತು ಸಂಜೆ ಯಜಮಾನರಿಗೆ ನಾನೇ ಹೇಳಿದೆ. ಖುಷಿಯಿಂದಲೇ ಹೇಳಿದೆ. ಅವರು ಅಂತರಸನಹಳ್ಳಿಯ ಫ್ಯಾಕ್ಟರಿಯಿಂದ ಬಂದು ಊಟಕ್ಕೆ ಕೂತಿದ್ದರು.

"ಭಿಕ್ಷುಕ್ರ ಸಾಲಲ್ಲಿ ಕೂತು ಉಂಡ್ಯಾ? ಅಷ್ಟು ಗತಿಗೆಟ್ಟಿದ್ದೀವಾ ನಾವು?"

"ಮಠದಲ್ಲಿ ನೀವು ಉಂಡಿಲ್ವಾ?"

"ಅದೇ ಬೇರೆ."

"ಏನ್ ಬೇರೆ, ಹೇಳಿ."

ಅನ್ನ ಆರುತ್ತಿದೆ ಎಂದು ಹೇಳಿ ಅವರು ಫೋನ್ ಇಟ್ಟರು. ಮಾರನೆ ದಿನ ಮತ್ತೆ ಫೋನ್ ಮಾಡಿದರು. ತುಮಕೂರಿನ ಟೂರಿನವರ ಒಂದು ಗುಂಪು ರೋಮಿಗೆ ಬಂದಿದೆ, ಮ್ಯಾನೇಜರ್ ಹತ್ತಿರ ಮಾತಾಡಿದ್ದೇನೆ, ನಾಳೆ ಬೆಳಿಗ್ಗೆ ಕೊಲೋಸಿಯಮ್ ಹತ್ತಿರ ಅವರ ಜೊತೆ ಸೇರಿಕೋ, ಅವರ ಜೊತೆಯೇ ವಾಪಸ್ ಬಾ ಎಂದರು. ಕುಣಿಗಲ್ಲಿಗೂ ಸುದ್ದಿ ಹೋಗಿತ್ತು.

"ಅಲ್ಲಿ ಏನಂತವ್ರೆ ಗೊತ್ತಾ ನಿಂಗೆ?" ಎಂದರು. "ಓರಗಿತ್ತಿ ಹೋಗಿದ್ದು ಗಂಗಂಗೆ ಬಿಡುಗಡೆ ಆದಂಗಾಗೈತೆ, ಅದ್ಕೇ ದೇಶ ತಿರುಗ್ತಾವ್ಳೆ ಅಂತವ್ರೆ."

ಮಠದ ಅಂಗಳದಲ್ಲಿ ನಿಂತಿದ್ದೆ. ಒಂದು ಕಿತ್ತಳೆ ಗಿಡ ಇತ್ತು, ಅದನ್ನು ಹಿಡಿದುಕೊಂಡೆ.

"ಅನ್ಲಿ. ಇಬ್ರು ಹೆಂಗಸ್ರು ಯಾರ ಹಂಗೂ ಇಲ್ದೆ ಹೋಗಿ ಬರ್ತೀವಿ ಅಂತ ಅಕ್ಕ ಏರಿ ಮೇಲೆ ನಿಂತು ಊರಿಗೆಲ್ಲ ಹೇಳವ್ರೆ. ಈಗ ನಾನು ಟೂರ್‌ನೋರ ಬಾವುಟದ ಹಿಂದೆ ಬಂದ್ರೆ ಅವ್ರು ಹೇಳಿದ್ದು ಸುಳ್ಳಾಗುತ್ತೆ."

"ಅವ್ರೇ ಇಲ್ವಲ್ಲೇ ಈಗ."

"ಅದಕ್ಕೇ ರೀ. ಇದ್ದಿದ್ರೆ ಅವ್ರೇ ಉತ್ತರ ಹೇಳ್ಕೋತಿದ್ರು."

ಅವರು ಫೋನ್ ಇಟ್ಟರು.

ಪ್ರದಕ್ಷಿಣೆ

ಆದರೂ ಬೆಳಿಗ್ಗೆ ಕೊಲೋಸಿಯಮ್ಮಿಗೆ ಹೋದೆ. ಬರುವುದಿಲ್ಲ ಎಂದು ಎದುರಿಗೇ ಹೇಳೋಣ, ಪಾಪ ಆ ಮ್ಯಾನೇಜರ್ ಕಾಯುವುದು ಬೇಡ ಎಂದು. ಅವನು ಹಳದಿ ಬಾವುಟ ಹಿಡಿದು ನಿಂತಿದ್ದ. ಯಜಮಾನರು ನನ್ನ ಟಿಕೆಟ್ಟನ್ನೂ ತೆಗೆಸಿಬಿಟ್ಟಿದ್ದರು. ಅದನ್ನು ಮುಂದೆ ಹಿಡಿದು, ಬನ್ನಿ ಮೇಡಂ, ಒಳಗೆ ಹೋಗದೆ ರೋಮ್ ನೋಡಿದ ಹಾಗಾಗುವುದಿಲ್ಲ ಎಂದ. ಒಳಗೆ ಹೋಗುವ ಆಸೆ ಆಗಲಿಲ್ಲ ಎಂದರೆ ಸುಳ್ಳು. ಕಮಾನಿನ ಸಂದಿಯಿಂದ ಒಳಗಿನ ಬೆಳಕು ಕಾಣುತ್ತಿತ್ತು. ಅಕ್ಕ ಎಷ್ಟೋ ವರ್ಷ ಬೋರ್ಡಿನ ಮೇಲೆ ಅದರ ಚಿತ್ರ ಬರೆದು ಮಕ್ಕಳಿಗೆ ಪಾಠ ಮಾಡಿದ್ದರು.

ಟಿಕೆಟ್ಟು ಬೇರೆ ಯಾರಿಗಾದರೂ ಕೊಡಿ ಎಂದೆ. ಗುಂಪಿನಲ್ಲಿದ್ದ ತುಮಕೂರಿನ ಹೆಂಗಸೊಬ್ಬರು, ಯಾಕಮ್ಮ ಹಟ, ಬಿಟ್ಟಿ ಸಿಕ್ಕಿದ್ದಲ್ಲವಾ ಎಂದರು. ಬಿಟ್ಟಿ ಅಲ್ಲ, ಇದಕ್ಕೆ ಬೇರೆ ಲೆಕ್ಕ ಇದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಚೀಲದಿಂದ ಎರಡು ಕೋಡುಬಳೆ ತೆಗೆದು ಕೈಗಿಟ್ಟು ಹೋದರು.

ಅವರೆಲ್ಲ ಒಳಗೆ ಹೋದ ಮೇಲೆ ನಾನು ಹೊರಗಿನಿಂದ ಅದರ ಸುತ್ತ ಬಂದೆ, ಎಡದಿಂದ ಬಲಕ್ಕೆ. ಬಾಗಿಲು ಹಾಕಿದ ಗುಡಿಯಾದರೂ ಪ್ರದಕ್ಷಿಣೆ ಬಂದೇ ಹೋಗುತ್ತೇವಲ್ಲ. ಒಂದು ಕಡೆ ಗೋಡೆ ಎತ್ತರ, ಇನ್ನೊಂದು ಕಡೆ ಬಿದ್ದು ಅರ್ಧವಾಗಿದೆ. ಕಲ್ಲುಗಳಲ್ಲಿ ಯಾರೋ ಬೆರಳಿಟ್ಟು ಕಿತ್ತ ಹಾಗೆ ತೂತುಗಳು. ಮೂರು ಸುತ್ತು ಮುಗಿಸುವಷ್ಟರಲ್ಲಿ ಬಾವುಟದವರು ಹೊರಗೆ ಬಂದು ಬಸ್ಸಿಗೆ ಓಡುತ್ತಿದ್ದರು. ಕೋಡುಬಳೆಯ ಹೆಂಗಸು ದೂರದಿಂದಲೇ ಕೈ ಬೀಸಿ, ಚೆನ್ನಾಗಿತ್ತು ಎಂದು ಕೂಗಿದರು. ಇರಬಹುದು. ಹೊರಗೂ ಚೆನ್ನಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಮಠಕ್ಕೆ ವಾಪಸ್ ಹೋದೆ, ಬಡಿಸಲು. ಅವತ್ತಿನಿಂದ ದಿನವೂ ಹೋದೆ. ಉಂಡು ಬಡಿಸುವುದು, ಬಡಿಸಿ ತೊಳೆಯುವುದು, ಆಮೇಲೆ ಊರು ತಿರುಗುವುದು. ಎತ್ತರದ ಮನುಷ್ಯ ನನಗೊಂದು ಏಪ್ರನ್ ಕೊಟ್ಟ. ಗಡ್ಡದವನು ಚಟ್ನಿಪುಡಿಗೆ ಕಾಯುತ್ತಿದ್ದ, ಅದು ಮುಗಿದ ದಿನ ಖಾಲಿ ಪೊಟ್ಟಣ ಬಿಡಿಸಿ ಮೂಸಿ ನೋಡಿ ವಾಪಸ್ ಕೊಟ್ಟ.

ಎರಡು ದಿನ ಯಜಮಾನರ ಫೋನಿರಲಿಲ್ಲ. ಮೂರನೆಯ ದಿನ ಬಂತು. ಊಟ ಆಯ್ತಾ ಎಂದರು. ಆಯ್ತು ಎಂದೆ. ಎಲ್ಲಿ ಎಂದರು. ಅಲ್ಲೇ ಎಂದೆ. ಆಮೇಲೆ, "ಎಷ್ಟ್ ಜನ ಆಗಿದ್ರು ಪಂಕ್ತೀಲಿ?" ಎಂದು ಕೇಳಿದರು.

ಗುಡ್ಡ

ಕೊನೆಯ ದಿನ ನದಿಯಾಚೆಯ ಗುಡ್ಡ ಹತ್ತಿದೆ. ಅಲ್ಲಿಂದ ರೋಮ್ ಪೂರ್ತಿ ಕಾಣುತ್ತದೆ, ಗುಮ್ಮಟಗಳು, ಹೆಂಚಿನ ಮಾಡುಗಳು, ದೂರದಲ್ಲಿ ನೀಲಿ ಬೆಟ್ಟ. ಕಟ್ಟೆಯ ಮೇಲೆ ಕೂತೆ, ಅಲ್ಲಿ ಯಾರೂ ಪೀಪಿ ಊದಲಿಲ್ಲ. ಹನ್ನೆರಡು ಗಂಟೆಗೆ ಕೆಳಗಿನಿಂದ ತೋಪು ಹಾರಿಸಿದರು. ದಿನವೂ ಹಾರಿಸುತ್ತಾರಂತೆ, ಗಂಟೆ ತಿಳಿಯಲಿ ಎಂದು. ನಮ್ಮಲ್ಲಿ ಫ್ಯಾಕ್ಟರಿ ಸೈರನ್ ಇದ್ದ ಹಾಗೆ. ನಾನು ಬೆಚ್ಚಿ ಬಿದ್ದೆ, ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಇದಕ್ಕೂ ಟಿಕೆಟ್ಟಿರಲಿಲ್ಲ.

ಅಲ್ಲಿ ಕೂತು ಲೆಕ್ಕ ಹಾಕಿದೆ. ಅಕ್ಕ ಹೇಳಿದ್ದರಲ್ಲಿ ಒಂದೂ ಮುರಿದಿರಲಿಲ್ಲ. ಟಿಕೆಟ್ಟು ಕೊಂಡಿಲ್ಲ, ಬಾವುಟದ ಹಿಂದೆ ಹೋಗಿಲ್ಲ, ಒಂದು ದಿನ ಮುಂಚೆ ಹೊರಟಿಲ್ಲ. ಇಬ್ಬರು ಎಂದಿದ್ದರು, ಅದೊಂದು ನನ್ನ ಕೈಯಲ್ಲಿರಲಿಲ್ಲ. ಬಡಿಸುವ ಹೊತ್ತಾಗಿತ್ತು, ಎದ್ದು ಬೇಗ ಬೇಗ ಇಳಿದೆ.

ಮತ್ತೆ ಗುಬ್ಬಿ

ಬಂದ ಮೇಲೆ ಬೀದಿಯವರೆಲ್ಲ ಬಂದು ಕೇಳಿದರು. ಯಾರೋ ಪಿಂಚಣಿಯ ಮೇಷ್ಟ್ರಿಗೂ ಹೇಳಿದರಂತೆ, ಅವರು ಒಂದು ದಿನ ಮನೆಯವರೆಗೆ ಬಂದು ಕಾಫಿ ಕುಡಿದು, ಗೋಡೆ ಹೇಗಿತ್ತಮ್ಮ ಎಂದರು. ಗಟ್ಟಿಯಾಗಿತ್ತು ಸಾರ್ ಎಂದೆ. ನಾದಿನಿ ಇನ್ನೂ ಮಾತಾಡಿಸುತ್ತಿಲ್ಲ. ಅವರು ಮಾತಾಡಿಸಿದ ದಿನ ನಾನೂ ಮಾತಾಡುತ್ತೇನೆ, ಅದಕ್ಕೆ ಮುಂಚೆ ಕುಣಿಗಲ್ಲಿಗೆ ಹೋಗುವುದಿಲ್ಲ.

ಮೊನ್ನೆ ಸಂಜೆ ಯಜಮಾನರು ಫೋನಿನಲ್ಲಿದ್ದ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಾ ಕೂತಿದ್ದರು. ಇದು ಯಾರು ಕಟ್ಟಿಸಿದ್ದು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಇದು ಯಾವ ಕಾಲದ್ದು ಎಂದರು. ಅದೂ ಗೊತ್ತಿರಲಿಲ್ಲ. ಅವರು ಅಭ್ಯಾಸದಂತೆ ಒಳರೂಮಿನ ಬಾಗಿಲ ಕಡೆ ತಿರುಗಿದರು. ನಾನೂ ತಿರುಗಿದೆ.

ಇಂಥದ್ದನ್ನೆಲ್ಲ ನಮ್ಮ ಮನೆಯಲ್ಲಿ ಹೇಳುತ್ತಿದ್ದವರು ಅಕ್ಕ. ಅವರು ಇಲ್ಲ.